ಎಡೆ

ದೇಚಮ್ಮ ಸದ್ದಿನ ಮಾತೇ ಎತ್ತಲಿಲ್ಲ.
"ಗೇರು ಹಿಡಿದರೆ ಅಂಗೈಗೆ ಯಾರೋ
ಬೆರಳಿಂದ ಕುಟ್ಟಿದ ಹಾಗೆ" ಅಂದರು.
ವಯಸ್ಸು ಎಪ್ಪತ್ತೆರಡು, ಎಡಗಿವಿ ಪೂರ್ತಿ ಮುಚ್ಚಿದೆ,
ಬಲಗಿವಿ ಬೇಕಾದಾಗ ಮಾತ್ರ.
ಗೋಣಿಕೊಪ್ಪದ ಪೇಟೆ ದಾಟಿ ನನ್ನ ಶೆಡ್ಡಿಗೆ ಬಂತು
ಕೆಂಪು ಟ್ರಯಂಫ್, ಎರಡೇ ಸೀಟು, ತಲೆಯ ಮೇಲೆ ಬಯಲು,
ಹೊಲಿಗೆ ಮಿಷನ್ನು ಗುಡ್ಡ ಹತ್ತಿದ ಹಾಗೆ
ಟಕ ಟಕ ಟಕ ಟಕ, ಎಡೆಬಿಡದೆ.

ಕ್ಯಾಮ್ ಹೋಗಿದೆ ಅಂದ ಟೀ ಅಂಗಡಿಯ ಉಸ್ಮಾನ್.
ಬೇರಿಂಗ್ ಅಂದ ಮರದ ಲಾರಿಯವ.
ಈ ಊರಲ್ಲಿ ಎಂಜಿನ್ನಿಗೆ ವೈದ್ಯರು ಜಾಸ್ತಿ.
ನಾನು ಉದ್ದ ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ,
ಹಿಡಿ ಕಿವಿಗೆ ಒತ್ತಿ ಕೇಳಿದೆ.
ಸದ್ದು ಕೆಳಗಿಲ್ಲ. ಮೇಲೆ, ರಾಕರುಗಳ ಸಾಲಿನಲ್ಲಿ.

ಕವರ್ ಬಿಚ್ಚಿದರೆ ಒಳಗೆ ಕಾಚಂಪುಳಿ:
ಹಾಗೇ ಕಪ್ಪು, ಹಾಗೇ ಮಂದ, ವಾಸನೆ ಮಾತ್ರ ಬೇರೆ.
ಒಂದನೆಯ ವಾಲ್ವ್ ಪೂರ್ತಿ ತಗ್ಗಿದಾಗ ಎಂಟನೆಯದನ್ನು ಹಿಡಿ,
ಮೂರು ತಗ್ಗಿದರೆ ಆರನ್ನು. ಕೂಡಿದರೆ ಒಂಬತ್ತು.
ಸಿದ್ದಾಪುರದ ಮೊಯ್ದು ಮೇಸ್ತ್ರಿ ಕಲಿಸಿದ ಮಗ್ಗಿ,
ತಪ್ಪಿದರೆ ಬೆರಳ ಗೆಣ್ಣಿಗೆ ಸ್ಪ್ಯಾನರ್.
ಎಂಟಕ್ಕೂ ಹತ್ತು ಥೌ ಇಟ್ಟೆ,
ಇಂಚಿನಲ್ಲಿ ನೂರನೆಯ ಒಂದು ಪಾಲು.
ಸ್ಟಾರ್ಟ್ ಮಾಡಿದೆ. ಟಕ ಟಕ ಟಕ ಟಕ.
ಮತ್ತೆ ಇಟ್ಟೆ. ಗೇಜು ಸರಿ ಅನ್ನುತ್ತದೆ,
ಕಿವಿ ಇಲ್ಲ ಅನ್ನುತ್ತದೆ.

ಮೂರನೆಯ ರಾತ್ರಿ ಶಾಫ್ಟ್ ಕಳಚಿ
ರಾಕರಿನ ಮೂತಿಯ ಮೇಲೆ ಉಗುರು ಎಳೆದೆ.
ಉಗುರು ಬಿತ್ತು.
ಅರವತ್ತು ವರ್ಷ ಅಲ್ಲೇ ಬಡಿದು ಬಡಿದು
ಒರಳಿನಂತೆ ಸವೆದ ಕುಳಿ.
ಗೇಜಿನ ತಗಡು ಅದರೊಳಗೆ ಇಳಿಯುವುದೇ ಇಲ್ಲ,
ಎರಡು ದಂಡೆಗೆ ಸಂಕದ ಹಾಗೆ ಅಡ್ಡ ಮಲಗಿ
ಹತ್ತು ಅನ್ನುತ್ತದೆ. ಕೆಳಗೆ ಇಪ್ಪತ್ತು.
ಸುಳ್ಳಲ್ಲ ಪಾಪ,
ತನಗೆ ಮುಟ್ಟಿದಷ್ಟನ್ನು ಹೇಳಿತು.

ಆಮೇಲೆ ಕೆಲಸ. ಮೂತಿಗಳನ್ನು ಕಲ್ಲಿಗೆ ಕೊಟ್ಟು ನುಣ್ಣಗೆ ಮಾಡಿದೆ.
ವಿರಾಜಪೇಟೆಯ ಲೇತಿನ ಕುಞ್ಞಂಬು ಕಂಚಿನ ಬುಶ್ ಎಂಟು ಕಡೆದುಕೊಟ್ಟ.
ಹೊಸ ಶಾಫ್ಟ್ ಕೊಯಮತ್ತೂರಿಂದ ಬಸ್ಸಿನ ಡಿಕ್ಕಿಯಲ್ಲಿ ಬಂತು.
ಎಣ್ಣೆ ಹತ್ತುವ ದಾರಿ ಕಟ್ಟಿತ್ತು,
ಸೈಕಲ್ಲಿನ ಬ್ರೇಕ್ ತಂತಿ ತೂರಿಸಿ ಬಿಡಿಸಿದೆ.
ಪುಶ್‌ರಾಡುಗಳನ್ನು ಗಾಜಿನ ಮೇಲೆ ಉರುಳಿಬಿಟ್ಟೆ:
ಏಳು ಓಡಿದವು, ಒಂದು ಕುಂಟಿತು.

ಅಷ್ಟರಲ್ಲಿ ಕೈಲ್ ಮುಹೂರ್ತ. ದೇಚಮ್ಮ ಜೀಪಿನಲ್ಲಿ ಬಂದು
"ಕಾರು ಆಗದಿದ್ದರೆ ಅದರ ಬೆನ್ನೆಲುಬು ಕೊಡು" ಎಂದು
ಜೋಡಿಸಿದ ಶಾಫ್ಟನ್ನು ಹಳೆ ಟವೆಲಿನಲ್ಲಿ ಸುತ್ತಿ ಒಯ್ದರು.
ಎರಡು ತೋಕು, ಒಂದು ಒಡಿಕತ್ತಿ, ನಡುವೆ ಇದು,
ಎಲ್ಲಕ್ಕೂ ಒಂದೊಂದು ತೋಕ್ ಪೂವು.
ಮುಂದೆ ಬಾಳೆಲೆಯಲ್ಲಿ ಎಡೆ: ಕಡಂಬುಟ್ಟು, ಪಂದಿ ಕರಿ,
ಪಕ್ಕದಲ್ಲಿ ಒಂದು ಲೋಟ.
ವಾಪಸ್ಸು ಬಂದಾಗ ಏಳನೆಯ ರಾಕರಿನ ಮೇಲೆ ಚಂದನದ ಬೊಟ್ಟು.
ಸೀಮೆಣ್ಣೆಯಲ್ಲಿ ತೊಳೆದೆ. ಬೈದರೆ ಬೈಯಲಿ,
ಎಣ್ಣೆಯ ದಾರಿಗೆ ಚಂದನ ಆಗದು.

ಕೂರಿಸಿ, ಮಗ್ಗಿ ಹೇಳಿ, ಕೀ ತಿರುಗಿಸಿದೆ.
ದೇಚಮ್ಮ ಗೇರಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.
ತುಂಬ ಹೊತ್ತು.
"ಈಗ ಕುಟ್ಟುವುದಿಲ್ಲ. ಆದರೆ ಯಾರೋ ಇದ್ದಾರೆ."

ಇರಬೇಕು, ಎಂದು ಬಲಗಿವಿಗೆ ಕೂಗಿದೆ.
ಪೂರ್ತಿ ಬಿಗಿದರೆ ಬಿಸಿಗೆ ಬೆಳೆದ ವಾಲ್ವ್ ಕೂರುವುದಿಲ್ಲ,
ಸಂದಿಯಲ್ಲಿ ಉರಿ ನುಗ್ಗಿ ಅಂಚು ಸುಡುತ್ತದೆ.
ಪಿಸುಗುಡುವ ಟ್ಯಾಪೆಟ್ ಬಾಳುತ್ತದೆ,
ಬಾಯಿ ಮುಚ್ಚಿದ್ದು ಬೇಯುತ್ತದೆ.
ಎಡೆ ಬಿಟ್ಟರೇ ಅದು ಎಡೆಬಿಡದೆ ಓಡುವುದು.

"ಎಡೆ ನಾನೇ ಇಟ್ಟಿದ್ದೆನಲ್ಲ" ಅಂದರು,
ಕೇಳಿಸಿತೋ ಇಲ್ಲವೋ,
ತಲೆಗೆ ಚೌಕ ಬಿಗಿದು ಪೊನ್ನಂಪೇಟೆಯ ಕಡೆ ತಿರುಗಿಸಿದರು.
ಏರಿನಲ್ಲಿ ಮೂರನೆಯ ಗೇರು, ಬೇಕಿರಲಿಲ್ಲ, ಆದರೂ ಹಾಕಿದರು.
ಉಸ್ಮಾನ್ ಗ್ಲಾಸು ತೊಳೆಯುತ್ತ
"ಇನ್ನೂ ಸಣ್ಣ ಸದ್ದಿದೆಯಲ್ಲ ಮೇಸ್ತ್ರಿ" ಅಂದ.

ಇರಲಿ ಅಂದೆ. ಒಂದು ಟೀ ಕೊಡು.