ಇತರೆ

ರಜೆಯ ಫಾರಮ್ಮಿನಲ್ಲಿ ಒಂಬತ್ತು ಚೌಕ.
ವಾರ್ಷಿಕ. ಕಾಯಿಲೆ. ಹೆರಿಗೆ. ಪರೀಕ್ಷೆ.
ಮದುವೆ, ಒಂದೇ ಸಲ.
ಹಜ್, ಅದೂ ಒಂದೇ ಸಲ.
ಹೆತ್ತವರು ತೀರಿಕೊಂಡರೆ ಇಷ್ಟು,
ಗಂಡ ಸತ್ತರೆ ನನ್ನಂಥವಳಿಗೆ ಹದಿನಾಲ್ಕು ದಿನ.
ಗಂಡ ಬದುಕಿದ್ದು
ಇದೇ ಊರಿನ ಧಕ್ಕೆಯಲ್ಲಿ ಮೂವತ್ತು ಗಂಟೆ ನಿಲ್ಲುತ್ತಾನೆಂದರೆ
ಅದಕ್ಕೆ ಚೌಕವಿಲ್ಲ.

ಕೊನೆಯದಕ್ಕೆ ಸರಿ ಗುರುತು ಹಾಕಿದೆ: ಇತರೆ.
ಕಾರಣ ಬರೆಯಲು ಒಂದೂವರೆ ಗೆರೆ.

ಏನಂತ ಬರೆಯಲಿ?
ಯಾವ ನೀರಿನಲ್ಲಿದ್ದೇನೆಂದು ಅವನು ಹೇಳುವಂತಿಲ್ಲ.
ಫೋನಿನಲ್ಲಿ ಮೀನಿನ ಮಾತಷ್ಟೇ ಆಡುತ್ತೇವೆ,
ಕಾರವಾರದವರು, ಯಾರಿಗೂ ಅನುಮಾನ ಬರುವುದಿಲ್ಲ.
ಬಂಗಡೆ ಅಂದರೆ ದೂರ.
ತಾರ್ಲೆ ಅಂದರೆ ಇನ್ನೂ ಗೊತ್ತಿಲ್ಲ.
ಏಳು ತಿಂಗಳು ಬರೀ ತಾರ್ಲೆ ತಿಂದೆವು.
ಮಂಗಳವಾರ ರಾತ್ರಿ ಅವನೆಂದ,
‘ಸುಗಂಧಾ, ಗುರುವಾರ ಇಸ್ವಣ.’

ಕುರುವಿಳ ಸಾರ್ ಕನ್ನಡಕ ಹಣೆಗೇರಿಸಿ ಓದಿದರು.
ವಾರ್ಷಿಕ ರಜೆ ಮುಗಿಸಿದ್ದೀಯಲ್ಲ?
ಮುಗಿಸಿದ್ದೆ. ಫೆಬ್ರವರಿಯಲ್ಲಿ, ಅತ್ತೆಯ ಕಣ್ಣಿನ ಪೊರೆಗೆ.
‘ಕೆಲವು ದೇಶಗಳಲ್ಲಿ ಉಂಟಂತೆ,’ ಅಂದರು,
ಸಿಪಾಯಿಯ ಹೆಂಡತಿಗೂ ರಜೆ, ಕಾನೂನೇ ಉಂಟಂತೆ.
ಚಂದ್ರನಲ್ಲಿ ನೀರುಂಟಂತೆ ಅನ್ನುವ ಹಾಗೆ.
ಆಮೇಲೆ ಫಾರಮ್ಮನ್ನು ಟ್ರೇಯಲ್ಲಿಟ್ಟರು.

ಗುರುವಾರ. ನಾಲ್ಕನೇ ಮಹಡಿ, ಡಯಾಲಿಸಿಸ್ ಕೋಣೆ.
ಕಿಟಕಿಯಾಚೆ ಹುಲ್ಲು ಕಾಣದ ಎರಡು ಗುಡ್ಡ,
ಗುಡ್ಡಗಳ ಸಂದಿಯಲ್ಲಿ ಮತ್ರಾದ ನೀರು,
ನೀರಲ್ಲಿ ಒಂದು ಬೂದು ಹಡಗು, ಮೂಗಷ್ಟೇ.
ಎರಡರಿಂದ ಒಂಬತ್ತು ನನ್ನ ಪಾಳಿ.
ನಾಲ್ಕರಿಂದ ಹತ್ತು ಅವನ ಬಿಡುವು.

ಆರನೇ ಹಾಸಿಗೆಯಲ್ಲಿ ಹಮೂದ್ ಅಜ್ಜ,
ಕುರಿಯಾತಿನವನು, ನಲವತ್ತು ವರ್ಷ ಬಲೆ ಎಳೆದ ತೋಳು,
ಈಗ ಅದರಲ್ಲಿ ನನ್ನ ಎರಡು ಸೂಜಿ.
ಎಷ್ಟು ಸಲ ಕಿಟಕಿ ನೋಡ್ತೀ ಮಗಳೇ, ಅಂದ.
ಜೌಜಿ, ಅಂದೆ. ಸಫೀನಾ, ಅಂದೆ.
ನನ್ನ ಹರಕು ಅರಬ್ಬಿಗೆ ಅಷ್ಟು ಸಾಕಾಯಿತು.
ಅಜ್ಜ ಯಂತ್ರದ ಕಡೆ ಗದ್ದ ತೋರಿದ:
ನನಗೆ ಇವತ್ತು ಮೂರೂವರೆ ಗಂಟೆ ಸಾಕು,
ಅರ್ಧ ನೀನು ಇಟ್ಟುಕೋ.

ನನ್ನ ದೇವರೇ,
ಯಾರ ಕೈಲೂ ಇಷ್ಟು ದೊಡ್ಡ ರಜೆ ಇರಲಿಲ್ಲ.
ಇಟ್ಟುಕೊಳ್ಳಲಾದೀತೇ? ನಾಲ್ಕು ಗಂಟೆಯನ್ನೇ ಒತ್ತಿದೆ,
ಅಜ್ಜ ಮುನಿಸಿಕೊಂಡು ಗೋಡೆ ಕಡೆ ತಿರುಗಿದ.

ಬದರಿಯಾ ಇದನ್ನೆಲ್ಲ ನೋಡುತ್ತಿದ್ದಳು, ನಮ್ಮ ಹಿರಿಯ ನರ್ಸು.
ಅವಳ ಗಂಡ ಮುಸಂದಮಿನ ಒಂದು ಠಾಣೆಯಲ್ಲಿ,
ಕಲ್ಲು ಮತ್ತು ಆಡುಗಳನ್ನು ಕಾಯುತ್ತಾನೆ, ಅವಳೇ ಹೇಳಿದ್ದು.
ಪಾಳಿಯ ಪಟ್ಟಿ ತೆಗೆದು
ಏಳು ಗಂಟೆಯ ಎದುರು ನನ್ನ ಹೆಸರು ಅಳಿಸಿದಳು,
ತನ್ನದು ಬರೆದಳು.
ಪೆನ್ಸಿಲ್ಲಿನಲ್ಲಿ.
ಅವನು ಬಂದಾಗ ನೀನೇನು ಬರೀತೀಯ, ಕೇಳಿದೆ.
‘ಜ್ವರ,’ ಅಂದಳು.
‘ವರ್ಷಕ್ಕೆ ಮೂರು ಸಲ ಬರುತ್ತೆ ನನಗೆ.’

ಏಳೂವರೆಗೆ ಮತ್ರಾದ ಕಟ್ಟೆ,
ಮೀನು ಪೇಟೆ ತೊಳೆದ ನೀರಿನ ವಾಸನೆ, ಥೇಟ್ ನಮ್ಮ ಬೈತಖೋಲ.
ಉಲ್ಲಾಸ ಇದ್ದ. ತೆಳ್ಳಗಾಗಿದ್ದ. ಎರಡು ಶವರ್ಮಾ ತಿಂದ.
ಅಮ್ಮನಿಗೆ ಈಗ ಮೊಬೈಲಿನ ಅಂಕಿ ಕಾಣುತ್ತಾ ಅಂತ ಕೇಳಿದ.
ಏಳು ತಿಂಗಳು ಕೂಡಿಟ್ಟಿದ್ದ ಮಾತು
ನಾನು ಎಲ್ಲಿಂದ ಶುರುಮಾಡಲಿ ಅನ್ನುವಷ್ಟರಲ್ಲಿ
ನನ್ನ ಎದೆಗೆ ತಲೆಯಿಟ್ಟು ನಿದ್ದೆ ಹೋದ.
ಕುಡಿದವನ ಹಾಗೆ ಅಲ್ಲ,
ಕಾವಲು ಮುಗಿಸಿದವನ ಹಾಗೆ.

ಎಬ್ಬಿಸಲಿಲ್ಲ.
ಒಂದು ಗಂಟೆ ಹತ್ತು ನಿಮಿಷ
ಅವನ ಉಸಿರನ್ನು ರೋಗಿಯದರಂತೆ ಎಣಿಸಿದೆ.
ಒಂಬತ್ತೂ ಇಪ್ಪತ್ತಕ್ಕೆ ಎದ್ದ. ಕೆನ್ನೆಯ ಮೇಲೆ
ನನ್ನ ಆಸ್ಪತ್ರೆಯ ಬ್ಯಾಡ್ಜು ಒತ್ತಿದ ಗುರುತು,
ಚೌಕ, ಕೆಂಪಗೆ.
ಹಾಗೇ ಹೋದ, ಧಕ್ಕೆಯ ಗೇಟಿನ ತನಕ ಕಾಣುತ್ತಿತ್ತು.

ಭಾನುವಾರ ಫಾರಮ್ಮು ವಾಪಸು ಬಂತು.
ನೀಲಿ ಮೊಹರು: ತಿರಸ್ಕೃತ. ಕಾರಣ ಸ್ಪಷ್ಟವಾಗಿಲ್ಲ.
ಕುರುವಿಳ ಸಾರ್ ಮುಂದೆಯೇ ನಕ್ಕುಬಿಟ್ಟೆ.
ಆ ಚೌಕಕ್ಕಿಂತ ಸ್ಪಷ್ಟವಾಗಿ ಬರೆಯಲು
ನನಗೆ ಬರುವುದಿಲ್ಲ, ಸಾರ್.