ಇಪ್ಪತ್ತೆಂಟರ ಗೇಜು

ಸುಟ್ಟ ಮೋಟಾರಿನ ತಾಮ್ರ
ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವಂಥದ್ದು.
ಮಾಬುನ್ನಿ ಬಂದು
ಮೊಳದ ಲೆಕ್ಕದಲ್ಲಿ ಕೇಳಿದಳು.

'ಹೆಣಿಯೋಕೆ' ಅಂದಳು.
ರಾಯದುರ್ಗದಲ್ಲಿ, ಏಪ್ರಿಲ್ ತಿಂಗಳಲ್ಲಿ,
ಬೆಟ್ಟದ ಬಂಡೆಯೇ ಬಿಸಿಯುಸಿರು ಬಿಡುವ ಮಧ್ಯಾಹ್ನ
ಸ್ವೆಟರು ಯಾರಿಗಮ್ಮಾ ಅಂದೆ.
ನಕ್ಕು ಚೀಲ ಸುರಿದಳು:

ಜೀನ್ಸ್ ಕಾರ್ಖಾನೆ ಕತ್ತರಿಸಿ ಎಸೆದ ಅಂಚು,
ಸೀಳಿ, ಹೊಸೆದು, ಹುರಿ ಮಾಡಿದ್ದು.
ಸಿಮೆಂಟ್ ಚೀಲದ ಬಾಯಿ ಬಿಚ್ಚಿದಾಗ
ಸರ್ರನೆ ಬರುವ ಬಿಳಿ ದಾರ.
ತಾತನ ಹತ್ತಿ ಬಿಲ್ಲಿನ ನರದ ತಂತಿ, ಒಂದೇ ಮಾರು.
ಅದನ್ನು ಮುಟ್ಟಗೊಡಲಿಲ್ಲ.
ಸೂಜಿ ಅಂದರೆ ಸೈಕಲ್ ಚಕ್ರದ ಕಡ್ಡಿ,
ಕಲ್ಲಿಗೆ ಉಜ್ಜಿ ತುದಿ ಮೊಂಡು ಮಾಡಿದ್ದು.

ನಾನು ವೈಂಡಿಂಗ್ ಹಾಕುವವನು.
ಸುತ್ತು ತಪ್ಪಿದರೆ ಮೋಟಾರು ಹೊಗೆಯಾಡುತ್ತದೆ,
ಗಿರಣಿಯವನು ಬರುತ್ತಾನೆ,
ತೆಲುಗಿನಲ್ಲಿ ಶುರುಮಾಡಿದ ಬೈಗುಳ
ಕನ್ನಡದಲ್ಲಿ ಮುಗಿಸುತ್ತಾನೆ.
ಅವಳಿಗೋ ಕಣ್ಣಿ ಜಾರಿದರೆ ಜಾರಲಿ.
ಏಣಿಯ ಹಾಗೆ ನಾಲ್ಕು ಸಾಲು ಇಳಿಯಗೊಟ್ಟು
ಅಲ್ಲಿ ಸಿಮೆಂಟ್ ದಾರ ತೂರಿಸಿ ತಡೆಯುತ್ತಾಳೆ.
'ತಪ್ಪೂ ಒಂದು ನಮೂನೇನೇ ತಿಪ್ಪೇಸ್ವಾಮಣ್ಣ,
ಎರಡು ಸಲ ಮಾಡಿದ್ರೆ.'

ಮೊದಲು ತಂತಿ ಪಟಪಟ ಮುರಿಯಿತು.
ಕೆಂಪಗೆ ಕಾಯಿಸಿ ನೀರಿಗದ್ದು ಅಂದೆ.
ನಾನು ಕಲಿಸಿದ್ದು ಅಷ್ಟೇ.
ಆಮೇಲೆ ಬೆಣ್ಣೆಯ ಹಾಗೆ ಬಗ್ಗಿತು.

ಜೂನಿಗೆ ಒಂದು ತೋಳು ಮುಗಿಯಿತು.
ಮಣಿಕಟ್ಟಿನಲ್ಲಿ ನೀಲಿ, ಮೇಲಕ್ಕೆ ಹೋದಂತೆ ತಾಮ್ರ,
ಬೆಳಗಿನ ಜಾವ ತಣ್ಣಗೆ, ಹಗಲು ಹಾಕಿದರೆ ಚುರ್ರನ್ನುವುದು.
ಮಗಳು ಷಂಷಾದ್ ಅದನ್ನು ತೊಟ್ಟೇ
ಒಂದು ಪಾಳಿ ಜೇಬು ಹೊಲಿದು ಬಂದಳು.
ಬಿಚ್ಚಿ ಹಗ್ಗಕ್ಕೆ ಹಾಕಿದರೆ
ತೋಳು ಮಡಚಿಯೇ ಇತ್ತು,
ಸೂಜಿಯಡಿಗೆ ಬಟ್ಟೆ ನೂಕುವ ಹಾಗೆ.
ಒಳಗೆ ಯಾರೂ ಇರಲಿಲ್ಲ.

ಮಾಬುನ್ನಿ ಎರಡೂ ತುದಿ ಹಿಡಿದು ಎಳೆದಳಂತೆ.
ನೆಟ್ಟಗಾಯಿತು, ಗೆರೆ ಮಾತ್ರ ಉಳಿಯಿತು.

ಇನ್ನೊಂದು ತೋಳಿಗೆ ತಂತಿ ಕೇಳಲು ಬಂದಳು.
ತಕ್ಕಡಿ ತೆಗೆದೆ, ಮತ್ತೆ ಇಟ್ಟೆ.
ಮೊಣಕೈಯಿಂದ ನಡುಬೆರಳ ತುದಿಗೆ
ಒಂದು, ಎರಡು, ಅಳೆಯುತ್ತಾ
ನನ್ನ ಕೈಯನ್ನೇ ನೋಡಿದೆ:
ಎಷ್ಟು ಚಾಚಿದರೂ ಪೂರ್ತಿ ಚಾಚದು.

ಎಣಿಕೆ ತಪ್ಪಿತು.
ನಾಲ್ಕೈದು ಮೊಳ ಜಾಸ್ತಿಯೇ ಹೋಗಿರಬೇಕು,
ಗುಜರಿಯವನಿಗೆ ಹೇಳಬೇಡಿ.