ಹನ್ನೊಂದು ಅಂಕಿ

ಗುರುವಾರ, ಒಂದೂವರೆ. ಅಬ್ಬಾಸಿಯಾದ ಮೇಲೆ
ಚಕ್ರ ಬಿಚ್ಚಿಕೊಂಡು ವಿಮಾನ ಇಳಿಯುವಾಗ
ಆಫೀಸಿನ ಗಾಜು ಒಮ್ಮೆ ಗುಂಯ್ ಎನ್ನುತ್ತದೆ,
ಮೇಜಿನ ಮೇಲೆ ಗುಂಡುಸೂಜಿ ನಡುಗುತ್ತದೆ.
ಪ್ರಿನ್ಸಿಪಾಲ್ ಮೇಡಂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ
ಬಿಟ್ಟಲ್ಲಿಂದಲೇ ಹಿಡಿದರು:
"ಇಬ್ಬರಿಗೂ ಒಂದೇ ಕಾಗದ, ಭಂಡಾರಿ. ಹೆಸರು ಮಾತ್ರ ಬದಲಿಸಿ."

ಕಾಗದ ಕಂಪ್ಯೂಟರಿನಲ್ಲಿ ಸಿದ್ಧವೇ ಇದೆ.
ಹೊಡೆದಾಟ: ಸಹನೆ ಸೊನ್ನೆ. ಶಿಕ್ಷೆ: ಟಿಸಿ.
ನಾನೇ ಟೈಪು ಮಾಡಿದ್ದು, ಹೋದ ವರ್ಷ,
ಅಂಕುಶನ ಕಣ್ಣಿಗೆ ಕೈವಾರ ಹೊಕ್ಕ ವಾರ.
ಆಸ್ಪತ್ರೆಗೆ ಅವನನ್ನು ಒಯ್ದವನೂ ನಾನೇ.
ಟ್ಯಾಕ್ಸಿಯಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು
"ಅಂಕಲ್, ನಾಳೆ ಗಣಿತ ಪರೀಕ್ಷೆ" ಎಂದಿದ್ದ ಹುಡುಗ.
ಆ ಪ್ಯಾಂಟನ್ನು ಮತ್ತೆ ಹಾಕಿಕೊಳ್ಳಲಿಲ್ಲ, ಬಿಸಾಡಲೂ ಇಲ್ಲ.
ಹಾಗಾಗಿ ನಿಯಮವನ್ನು ಗೇಲಿ ಮಾಡುವವರ ಜೊತೆ
ನಾನು ಚಹಾ ಕುಡಿಯುವುದಿಲ್ಲ.

ಆದರೆ ಈ ಸಲ,
ಬಸ್ಸು ನಂಬರ್ ಹದಿನೇಳು, ಹಿಂದಿನ ಸೀಟು.
ಶೆಲ್ಡನ್ ಎತ್ತಿದ ಕೈ, ಹಂಝ ಹಿಡಿದ ಕೈ.
ಮೇಲೆ ತೂಗುವ ಕ್ಯಾಮೆರಾಕ್ಕೆ ಕಣ್ಣುಂಟು, ಕಿವಿಯಿಲ್ಲ;
ಎರಡು ಕೈ ಸೇರಿದ್ದನ್ನು ಕಂಡಿತು, ಅಷ್ಟೆ.
ಆ ಮಗು ಬಿಡಿಸಲು ಹೋದದ್ದು ಸರ್, ಬಿಡಿಸಲು,
ಎಂದು ಮೂರು ಸಲ ಹೇಳಿದಳು ಬಸ್ಸಿನ ಆಯಾ ಸೋಮಲತಾ,
ಸಿಂಹಳ ಬೆರೆತ ಹಿಂದಿಯಲ್ಲಿ, ಕೈಯಲ್ಲಿ ಮಾಡಿ ತೋರಿಸಿ.
ಆಯಾ ಹೇಳಿದ್ದನ್ನು ಬರೆಯಲು ಫಾರಮಿನಲ್ಲಿ ಜಾಗವಿಲ್ಲ.

ಕಮಿಟಿಯ ಡಾಕ್ಟರರು ಮೆಲ್ಲಗೆ ಅಂದರು,
ಬಿಡಿಸಿದವನಿಗೂ ಶಿಕ್ಷೆಯಾದರೆ ಮುಂದಿನ ಸಲ ಬಿಡಿಸುವವರು ಯಾರು?
ಮೇಡಂ ಅಂದರು, ಇವತ್ತು ಇವನಿಗೊಂದು ಕಿಟಕಿ ತೆರೆದರೆ
ನಾಳೆ ಪ್ರತಿ ಅಪ್ಪನೂ ಆ ಕಿಟಕಿಯಲ್ಲಿ ನಿಂತಿರುತ್ತಾನೆ,
ದೊಡ್ಡ ಕಂಪನಿಯ ಅಪ್ಪ ಮೊದಲು.
ಅದೂ ಸುಳ್ಳಲ್ಲ. ಇಪ್ಪತ್ತೊಂದು ವರ್ಷ ಕಂಡಿದ್ದೇನೆ ಆ ಸಾಲನ್ನು.
ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಊರಲ್ಲಿ ಟಿಸಿ ಅಂದರೆ ಪಕ್ಕದ ಬೀದಿಯ ಶಾಲೆ.
ಇಲ್ಲಿ, ನಡು ವರ್ಷ, ಎಲ್ಲೂ ಸೀಟಿಲ್ಲ.
ಇಲ್ಲಿ ಟಿಸಿ ಅಂದರೆ ಆ ವಿಮಾನ, ತಿರುಗಿ ಏರುವಾಗ.
ಮಗ, ಮಗನ ಜೊತೆ ತಾಯಿ, ತಂಗಿ;
ನೀರಿನ ಟ್ಯಾಂಕರು ಓಡಿಸುವ ಅಪ್ಪ ಮತ್ತೆ
ಆರು ಜನರ ಕೋಣೆಯ ಮೇಲಿನ ಮಂಚಕ್ಕೆ.

ಝುಲೈಖಾ ಹೊರಗೆ ಕೂತಿದ್ದಾಳೆ, ಬೆಳಗ್ಗೆ ಏಳರಿಂದ.
ಗೇಟಿನ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದಿದ್ದಾಳೆ,
ಬಂಟ್ವಾಳದ ಶಾಲೆಯ ದುಂಡಗಿನ ಅಕ್ಷರ:
'ಹಂಝನ ತಾಯಿ. ಬಂದಿದ್ದೇನೆ.'
ಸೊನ್ನೆಗಳನ್ನು ಎಷ್ಟು ಜೋಪಾನವಾಗಿ ಸುತ್ತಿದ್ದಾಳೆ, ನೋಡಿ.
ಆ ಪುಟ್ಟ ಬಳೆ ತೆಗೆದರೆ ಬಂದವಳು ಬಂದಂತಾಗುವುದಿಲ್ಲ,
ತಂದೆ ತಂದೆಯಾಗುವುದಿಲ್ಲ, ಮಂದಿ ಮಂದಿಯಾಗುವುದಿಲ್ಲ.
ಅರಬಿಯಲ್ಲಾದರೆ ಸೊನ್ನೆ ಬರೀ ಒಂದು ಚುಕ್ಕಿ;
ನಮ್ಮ ಸೊನ್ನೆಯಂತೆ ಕಾಣುವುದು ಅಲ್ಲಿ ಐದು.
ಬಂದ ಹೊಸತರಲ್ಲಿ ಅಂಗಡಿಯವನಿಗೆ ಎಷ್ಟು ಸಲ
ಕಡಿಮೆ ದುಡ್ಡು ಕೊಟ್ಟು ಬೈಸಿಕೊಂಡಿದ್ದೇನೆ ನಾನು.

ಶೆಲ್ಡನ್ನನ ಕಾಗದ ಮುಗಿಯಿತು.
ಅವನಿಗೂ ಹದಿಮೂರೇ ವರ್ಷ, ಅದನ್ನೂ ಹೇಳಬೇಕು.
ಹಂಝನದು: ಹೆಸರು, ತರಗತಿ, ಸಿವಿಲ್ ಐಡಿ.
ಹನ್ನೆರಡು ಅಂಕಿ. ನಡುವೆ ಮೂರು ಸೊನ್ನೆ.
ಎರಡು ಹೊಡೆದೆ.

ಹನ್ನೊಂದು ಅಂಕಿಯ ಹುಡುಗ ಈ ದೇಶದಲ್ಲಿ ಇಲ್ಲ.
ಕಾಗದ ಮೇಲಿನ ಆಫೀಸಿಗೆ ಹೋಗಿ, ಕೆಂಪು ಗೀಟು ಬಿದ್ದು,
ತಿರುಗಿ ಬರಬೇಕಾದರೆ ಶುಕ್ರ, ಶನಿ ಕಳೆದು ಭಾನುವಾರ.
ಅಷ್ಟರಲ್ಲಿ ಡಾಕ್ಟರರ ಮನೆ ಯಾವ ಬೀದಿಯೆಂದು
ಆ ತಾಯಿಗೆ ಯಾರಾದರೂ ಹೇಳಬೇಕು.
ಆಗುತ್ತದೋ ಇಲ್ಲವೋ, ಮಾರಾಯ್ರೆ.
ಕ್ಲಾರ್ಕಿನ ತಪ್ಪಿಗೂ ಇಲ್ಲಿ ನಿಯಮವುಂಟು,
ಅದನ್ನೂ ನಾನೇ ಟೈಪು ಮಾಡಿದ್ದು.

ಪ್ರಿಂಟರು ಬೆಚ್ಚಗಿನ ಹಾಳೆಯನ್ನು ಹೊರನೂಕಿತು.
ಮೇಡಂ ಓದಿದರು, ಕನ್ನಡಕ ಸರಿಸಿ. ಐಡಿಯ ಸಾಲಿನಲ್ಲಿ
ಒಂದು ವಿಮಾನ ದಾಟುವಷ್ಟು ಹೊತ್ತು ನಿಂತು
ಸಹಿ ಹಾಕಿದರು.